ಶಹಾಬಾದ್ ಪರ್ಸಿಗೆ ಸೀಲರ್: ಕುಡಿಸಬೇಕೋ, ತೊಡಿಸಬೇಕೋ?

ಪ್ರಶ್ನೆ: ಕಲಬುರಗಿಯ ಸೇಡಂ ರಸ್ತೆ ಕಡೆ ಎಂಟು ತಿಂಗಳ ಹಿಂದೆ ಮನೆ ಕಟ್ಟಿಸಿದ್ದೇವೆ. ಪಡಸಾಲೆ, ಅಡುಗೆಮನೆ, ದೇವರ ಕೋಣೆಗೆ ಪಾಲಿಶ್ ಮಾಡಿದ ಶಹಾಬಾದ್ ಪರ್ಸಿ (ಹಾಸುಗಲ್ಲು) ಹಾಕಿಸಿದೆವು. ಬಚ್ಚಲಿಗೂ ಅಂಗಳಕ್ಕೂ ಪಾಲಿಶ್ ಇಲ್ಲದ ಪರ್ಸಿ. ಕೆಲಸ ಮುಗಿದ ದಿನ ಗೌಂಡಿಯವರು ಸಿಮೆಂಟ್ ಕಲೆ ಹೋಗಲೆಂದು ಆಸಿಡ್ ಹಾಕಿ ತೊಳೆದರು. ಅಂದಿನಿಂದ ಅಲ್ಲಲ್ಲಿ ಬಿಳಿ ಮಚ್ಚೆಗಳಿವೆ. ಒಲೆಯ ಮುಂದೆ ಎಣ್ಣೆ ಕಲೆ, ಸಂದುಗಳೆಲ್ಲ ಕಪ್ಪು. ಅಂಗಡಿಯವರು ‘ಸೀಲರ್ ಹೊಡೀರಿ, ಆಮೇಲೆ ನಿಂಬೆಹಣ್ಣು ಹಿಂಡಿದರೂ ಏನೂ ಆಗಲ್ಲ’ ಎನ್ನುತ್ತಾರೆ. ನಮ್ಮ ಅತ್ತೆಯವರು ‘ಕುಸುಬಿ ಎಣ್ಣಿ ಒರಸ್ರಿ, ಸಾಕು’ ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಸೀಲರ್ ಕೆಲಸ ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು ತಂಗಿ. ಸೀಲರ್ ಎಂದರೆ ಕಲೆ ಬೇಗ ಇಳಿಯದಂತೆ ಕಲ್ಲಿಗೆ ಹಚ್ಚುವ ದ್ರವ. ಅದನ್ನು ಹಚ್ಚುವುದು ಒಂದು ಬೆಳಗಿನ ಕೆಲಸ. ಅದಕ್ಕೆ ಮುಂಚಿನ ತಯಾರಿ ಮಾತ್ರ ವಾರಗಟ್ಟಲೆ ಹಿಡಿಯುತ್ತದೆ, ಜನ ಸೋಲುವುದೂ ಅಲ್ಲಿಯೇ. ಅಂಗಡಿಯವರ ಮಾತು ಮುಕ್ಕಾಲು ತಪ್ಪು. ಅತ್ತೆಯವರದು ಕಾಲು ಭಾಗ ಸರಿ. ಅವರ ಎಣ್ಣೆಯ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಮೊದಲು ನಿಂಬೆಹಣ್ಣು. ಶಹಾಬಾದ್ ಪರ್ಸಿ ಸುಣ್ಣದ ಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ನೆಲದಡಿ ಈ ಕಲ್ಲು ಹಾಸಿಕೊಂಡಿರುವುದರಿಂದಲೇ ವಾಡಿ, ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದು. ಸುಣ್ಣದ ಕಲ್ಲಿಗೂ ಹುಳಿಗೂ ಆಗಿಬರುವುದಿಲ್ಲ. ನಿಂಬೆ, ಹುಣಸೆ, ಮೊಸರು, ನಮ್ಮ ಪುಂಡಿಪಲ್ಯದ ಸಾರು, ಯಾವುದು ಬಿದ್ದರೂ ಪಾಲಿಶ್ ಇರುವ ಮೇಲ್ಮೈ ಕರಗಿ ಮಂಕಾಗುತ್ತದೆ. ಅಲ್ಲಿ ಕಲೆ ಬಂದು ಕೂತಿಲ್ಲ, ಕಲ್ಲೇ ಹೋಗಿದೆ. ಕಲ್ಲು ಕುಡಿಯುವ ಸೀಲರ್ ಕೂರುವುದು ಒಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿ. ಹುಳಿ ತಿನ್ನುವುದು ಕಲ್ಲಿನ ಮೈಯನ್ನು. ಹಾಗಾಗಿ ಅಂಥ ಸೀಲರ್ ಎಷ್ಟೇ ದುಬಾರಿಯದು ಹಚ್ಚಿದರೂ ನಿಂಬೆರಸ ಬಿದ್ದ ಜಾಗ ಮಂಕಾಗಿಯೇ ತೀರುತ್ತದೆ. ಸೀಲರ್‌ನಿಂದ ಸಿಗುವ ಲಾಭ ಒಂದೇ: ಎಣ್ಣೆ, ಚಹಾ, ಅರಿಶಿಣ, ಕುಂಕುಮ ಒಳಗಿಳಿಯುವುದು ನಿಧಾನವಾಗುತ್ತದೆ, ಒರೆಸಿ ತೆಗೆಯಲು ನಿಮಗೆ ಸಮಯ ಸಿಗುತ್ತದೆ. ಇಷ್ಟು ಒಪ್ಪಿಕೊಂಡು ದುಡ್ಡು ಹಾಕಿದರೆ ಆಮೇಲೆ ಬೇಜಾರಿಲ್ಲ.

ಅಂಗಡಿಯಲ್ಲಿ ಪ್ರಯೋಗ ಮಾಡಿ ತೋರಿಸಿದರೆ ಅವರು ಯಾವ ಕಲ್ಲಿನ ಮೇಲೆ ತೋರಿಸುತ್ತಿದ್ದಾರೆ ಎಂದು ನೋಡಿ. ಗ್ರಾನೈಟ್ ತುಂಡಾಗಿದ್ದರೆ ಸೀಲರ್ ಇಲ್ಲದಿದ್ದರೂ ಅದಕ್ಕೆ ನಿಂಬೆರಸದಿಂದ ಏನೂ ಆಗುತ್ತಿರಲಿಲ್ಲ. ಯಾದಗಿರಿಯ ಕೋಟೆ ನಿಂತಿರುವ ಗುಡ್ಡದ ಕಲ್ಲು ಆ ಜಾತಿಯದು. ಅದು ಹುಳಿಗೆ ಹೆದರುವುದಿಲ್ಲ, ಆದರೆ ತಿಳಿ ಬಣ್ಣದ ಗ್ರಾನೈಟ್ ಎಣ್ಣೆ ಕುಡಿಯುತ್ತದೆ. ಬೀದರ್ ಕಡೆಯ ಕೆಂಪು ಕಲ್ಲು ಬರೀ ತೂತಿನದು. ತಂಬಿಗೆ ನೀರು ಸುರಿದರೂ ಕುಡಿದು ಕೂರುತ್ತದೆ. ಇನ್ನು ಅಡುಗೆಮನೆಯ ಕಪಾಟಿಗೆ ಹಾಕುವ ಕರಿ ಕಡಪಾ ಕಲ್ಲನ್ನು ಜನ ಗ್ರಾನೈಟ್ ಎಂದುಕೊಂಡಿರುತ್ತಾರೆ. ಅದೂ ಸುಣ್ಣದ ಕಲ್ಲೇ. ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟು ಒಂದು ತಿಂಗಳ ನಂತರ ಎತ್ತಿ ನೋಡಿ, ಭರಣಿಯ ಬುಡದ ಚಿತ್ರ ಮೂಡಿರುತ್ತದೆ. ಒಂದೂರಿನ ಕಲ್ಲಿಗೆ ಹೇಳಿದ ಮದ್ದು ಇನ್ನೊಂದೂರಿನ ಕಲ್ಲಿಗೆ ಹಿಡಿಯುವುದಿಲ್ಲ.

ಇಷ್ಟು ಓದಿ ನಮ್ಮ ಪರ್ಸಿ ಮೆತ್ತಗಿನ ಕಲ್ಲು ಎಂದುಕೊಳ್ಳಬೇಡಿ. ಭೀಮಾ ತೀರದ ಕನಗನಹಳ್ಳಿಯ ಹಳೆಯ ಬೌದ್ಧ ಸ್ತೂಪದಲ್ಲಿ ಅಶೋಕನ ಚಿತ್ರ ಕೆತ್ತಿ ‘ರಾಯ ಅಸೋಕ’ ಎಂದು ಬ್ರಾಹ್ಮಿಯಲ್ಲಿ ಬರೆದ ಫಲಕವಿದೆಯಲ್ಲ, ಆ ಸ್ತೂಪದ ಫಲಕಗಳೆಲ್ಲ ಈ ಭಾಗದ ಸುಣ್ಣದ ಕಲ್ಲಿನವೇ. ಶತಮಾನಗಳ ಕಾಲ ಮಣ್ಣಿನಡಿ ಇದ್ದು ಎದ್ದು ಬಂದರೂ ಗೆರೆಗಳು ಎದ್ದು ಕಾಣುತ್ತವೆ. ಅಂಥ ಕಲ್ಲನ್ನು ನಮ್ಮ ಗೌಂಡಿಯವರು ಒಂದು ಬಾಟಲಿ ಆಸಿಡ್‌ನಿಂದ ಹತ್ತು ನಿಮಿಷದಲ್ಲಿ ಕೆಡಿಸುತ್ತಾರೆ.

ನಿಮ್ಮ ಮನೆಯಲ್ಲಿ ಆದದ್ದು ಅದೇ. ಆಸಿಡ್ ಸುರಿದಾಗ ನೊರೆ ಬಂದದ್ದನ್ನು ನೋಡಿರುತ್ತೀರಿ. ಅದು ಕೊಳೆ ಬಿಡುವ ನೊರೆ ಅಲ್ಲ, ಕಲ್ಲು ಕರಗುವಾಗ ಹೊರಡುವ ಕಾರ್ಬನ್ ಡೈಆಕ್ಸೈಡ್. ಹಿಂದೆ ಉಳಿಯುವುದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು. ಇದಕ್ಕೆ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವ ಗುಣವಿದೆ. ಹಾಗಾಗಿ ಆಸಿಡ್ ತೊಳೆದ ಮೇಲೆ ನೀರು ಸಾಲದಷ್ಟು ಹಾಕಿದ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಕೆಲವು ಕಲ್ಲುಗಳು ಒರೆಸಿದರೂ ಹಸಿಯಾಗಿಯೇ ಕಾಣುತ್ತವೆ. ಅದರ ಮೇಲೆ ಸೀಲರ್ ಹಚ್ಚಿದರೆ ಆ ತೇವವನ್ನು ಒಳಗೆ ಕೂಡಿಹಾಕಿದಂತೆ.

ಬಿಳಿ ಮಚ್ಚೆಗಳೆಲ್ಲ ಒಂದೇ ಅಲ್ಲ. ಕೂತು ನೋಡಿದರೆ ಮೂರು ನಮೂನೆ ಸಿಗುತ್ತವೆ. ಒದ್ದೆ ಅರಿವೆಯಿಂದ ಒರೆಸಿದಾಗ ಮಾಯವಾಗಿ, ಒಣಗಿದ ಕೂಡಲೇ ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಮರಳಿದರೆ ಅದು ಆಸಿಡ್ ತಿಂದ ಗುರುತು. ಕೈಯಾಡಿಸಿದರೆ ಅಕ್ಕಪಕ್ಕದ ನುಣುಪು ಅಲ್ಲಿರುವುದಿಲ್ಲ. ಇದಕ್ಕೆ ಯಾವ ಔಷಧವೂ ಇಲ್ಲ, ಮತ್ತೆ ಪಾಲಿಶ್ ಮಾಡಬೇಕು. ಅಂಗೈಯಗಲದ ಜಾಗವಾದರೆ ವಾಟರ್ ಪೇಪರ್ ತಂದು ನೀರು ಹಾಕುತ್ತ 220, 400, 800, 1500 ನಂಬರಿನ ಕ್ರಮದಲ್ಲಿ ಕೈಯಿಂದಲೇ ಉಜ್ಜಬಹುದು. ಯಂತ್ರದ ಹೊಳಪಿನಷ್ಟು ಬರುವುದಿಲ್ಲ, ಕಣ್ಣಿಗೆ ಚುಚ್ಚುವುದಂತೂ ತಪ್ಪುತ್ತದೆ. ಪಡಸಾಲೆ ತುಂಬ ಮಚ್ಚೆ ಇದ್ದರೆ ಪಾಲಿಶ್ ಯಂತ್ರದವರನ್ನು ಕರೆಸಿ. ಅದಾದ ಮೇಲೆ ಸೀಲರ್ ಮಾತು.

ಉಗುರಿಗೆ ಎಡತಾಕುವ, ಬ್ಲೇಡ್ ಅಂಚಿನಿಂದ ಕೆರೆದರೆ ಪುಡಿಯಾಗಿ ಏಳುವ ಬಿಳಿ ಪದರ ನಲ್ಲಿಯ ಸುತ್ತ, ಬಚ್ಚಲಿನ ಮೂಲೆಯಲ್ಲಿ ಇದ್ದರೆ ಅದು ಬೋರ್‌ವೆಲ್‌ನ ಸವಳು ನೀರಿನ ಕೊಡುಗೆ. ಬ್ಲೇಡನ್ನು ಮಲಗಿಸಿ ಹಿಡಿದು ತಾಳ್ಮೆಯಿಂದ ಕೆರೆಯಿರಿ. ಟಾಯ್ಲೆಟ್ ತೊಳೆಯುವ ದ್ರಾವಣ ಹಾಕುವ ಆಸೆ ಆಗುತ್ತದೆ, ಹಾಕಬೇಡಿ. ಬಿಳಿ ಪದರವೂ ಸುಣ್ಣ, ಕೆಳಗಿನ ಕಲ್ಲೂ ಸುಣ್ಣ. ಆಸಿಡ್‌ಗೆ ಇದು ತಮ್ಮದು, ಇದು ಬೇರೆಯವರದು ಎಂಬ ಭೇದವಿಲ್ಲ.

ಮೂರನೆಯದು ಹತ್ತಿಯಂತೆ ಹಗುರವಾದ ಪುಡಿ. ಹೆಚ್ಚಾಗಿ ಸಂದುಗಳ ಅಂಚಿನಲ್ಲಿ, ಗೋಡೆಯ ಬುಡದಲ್ಲಿ ಕಾಣುತ್ತದೆ; ಗುಡಿಸಿದರೆ ಹೋಗುತ್ತದೆ, ಹತ್ತು ದಿನಕ್ಕೆ ಮತ್ತೆ ಬರುತ್ತದೆ. ಇದು ಕೆಳಗಿನ ತೇವ ಮೇಲೆ ಬರುವಾಗ ಹೊತ್ತು ತರುವ ಉಪ್ಪು. ಇದು ಇರುವಷ್ಟು ದಿನ ಸೀಲರ್ ಡಬ್ಬಿಯ ಮುಚ್ಚಳವನ್ನೂ ತೆಗೆಯಬೇಡಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ, ಆದ್ದರಿಂದ ಒಣ ಬ್ರಶ್‌ನಿಂದಲೇ ಗುಡಿಸಿ ಹೊರಗೆ ಚೆಲ್ಲಿ. ಬಚ್ಚಲಿನ ನೀರು, ಪೈಪಿನ ಸೋರಿಕೆ, ಅಂಗಳದ ಮಳೆ ನೀರು ತಳಪಾಯದ ಕಡೆ ಹರಿಯುತ್ತಿದೆಯೇ ಹುಡುಕಿ. ನಿಮ್ಮ ಮನೆಗೆ ಎಂಟೇ ತಿಂಗಳು, ಅದರಲ್ಲಿ ಒಂದು ಮಳೆಗಾಲ ಹೋಗಿದೆ. ಕೆಳಗಿನ ಭರ್ತಿ ಇನ್ನೂ ಪೂರ್ತಿ ಒಣಗಿರಲಿಕ್ಕಿಲ್ಲ.

ಈ ತೇವದ ವಿಷಯದಲ್ಲಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಕೆಲಸ ಕಲಿತ ಹೊಸತು. ಆಷಾಢದಲ್ಲಿ ಒಬ್ಬರ ಪಡಸಾಲೆಗೆ ಕನ್ನಡಿಯಂತೆ ಹೊಳೆಯುವ ಪದರ ಹಚ್ಚಿ, ಊಟ ಮಾಡಿ, ಕೈತುಂಬ ಕೂಲಿ ತೆಗೆದುಕೊಂಡು ಬಂದೆ. ಶ್ರಾವಣ ಮುಗಿಯುವುದರೊಳಗೆ ಪದರದ ಕೆಳಗೆ ಹಾಲು ಚೆಲ್ಲಿದಂತೆ ಬಿಳಿಚು ಎದ್ದಿತು, ಬಾಗಿಲ ಹತ್ತಿರ ಸಿಪ್ಪೆ ಸುಲಿಯಿತು. ಅದನ್ನು ಕೆರೆದು ತೆಗೆಯಲು ನಾಲ್ಕು ದಿನ ಮೊಣಕಾಲೂರಿ ಕೂತೆ, ಕೂಲಿಯಿಲ್ಲದೆ. ಆ ಮನೆಯ ಯಜಮಾನರು ಇವತ್ತಿಗೂ ಸಿಕ್ಕಾಗ ‘ಏನಪ್ಪಾ, ಬಿಳೇ ಪರ್ಸಿ’ ಎಂದೇ ಕರೆಯುತ್ತಾರೆ.

ಆಗ ನನಗೆ ತಿಳಿಯದಿದ್ದ ಫರಕು ಇಷ್ಟೇ: ಕಲ್ಲಿಗೆ ಸೀಲರ್ ತೊಡಿಸುವುದು ಒಂದು, ಕುಡಿಸುವುದು ಇನ್ನೊಂದು. ಅಕ್ರಿಲಿಕ್, ಪಾಲಿಯುರೆಥೇನ್ ಜಾತಿಯವು ಮೇಲೆ ಪದರವಾಗಿ ಕೂರುತ್ತವೆ. ಅಂಗಡಿಯಲ್ಲಿ ‘ಗ್ಲಾಸ್ ಫಿನಿಶ್’, ‘ವೆಟ್ ಲುಕ್’ ಎಂದು ಮಾರುವವುಗಳಲ್ಲಿ ಹೆಚ್ಚಿನವು ಇವೇ. ಮೊದಲ ದಿನ ನೋಡಲು ಚೆಂದ. ಆದರೆ ಕಲ್ಲಿನ ಉಸಿರು ಕಟ್ಟುತ್ತದೆ. ಓಡಾಡುವ ದಾರಿಯಲ್ಲಿ ಸವೆದು ಗೆರೆ ಬೀಳುತ್ತದೆ, ನೀರು ಬಿದ್ದರೆ ಜಾರುತ್ತದೆ. ಸಿಲೇನ್, ಸಿಲಾಕ್ಸೇನ್, ಫ್ಲೋರೋಪಾಲಿಮರ್ ಇರುವವು ಒಳಗಿಳಿಯುತ್ತವೆ. ಕಲ್ಲಿನ ಬಣ್ಣ, ಹೊಳಪು ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ, ಕೆಳಗಿನ ತೇವ ಆವಿಯಾಗಿ ಹೊರಹೋಗಲು ದಾರಿ ಉಳಿಯುತ್ತದೆ. ಡಬ್ಬಿಯ ಮೇಲೆ ‘ಪೆನೆಟ್ರೇಟಿಂಗ್’ ಅಥವಾ ‘ಇಂಪ್ರೆಗ್ನೇಟರ್’ ಎಂದು ಬರೆದಿರಬೇಕು. ಬರೀ ಸಿಲೇನ್, ಸಿಲಾಕ್ಸೇನ್ ಇದ್ದರೆ ನೀರನ್ನು ಚೆನ್ನಾಗಿ ತಡೆಯುತ್ತದೆ, ಎಣ್ಣೆಯನ್ನು ಅಷ್ಟಾಗಿ ಅಲ್ಲ. ಅಡುಗೆಮನೆಗೆ ನೀರು ಮತ್ತು ಎಣ್ಣೆ ಎರಡನ್ನೂ ತಡೆಯುತ್ತದೆ ಎಂದು ಬರೆದದ್ದನ್ನೇ ಕೇಳಿ ತನ್ನಿ. ಹೊರಗೋಡೆಗೆ ಹೊಡೆಯುವ ವಾಟರ್‌ಪ್ರೂಫ್ ಔಷಧವನ್ನು ‘ಇದೂ ಅದೇ’ ಎಂದು ಕೊಟ್ಟರೆ ವಾಪಸ್ ಕೊಡಿ. ಕುಡಿಸುವ ಸೀಲರ್‌ಗಳಲ್ಲಿ ನೀರಿನಲ್ಲಿ ಕಲಸಿದವು, ಥಿನ್ನರ್ ವಾಸನೆಯವು ಎಂದು ಎರಡು ಬಗೆ. ಮಕ್ಕಳು, ಮುದುಕರು ಇರುವ ಮನೆಯಲ್ಲಿ ನೀವೇ ಮಾಡುವುದಾದರೆ ನೀರಿನದು ಸಾಕು.

ಇನ್ನು, ನಿಮ್ಮ ಕಲ್ಲಿಗೆ ಸೀಲರ್ ಬೇಕೇ ಎಂಬ ಪ್ರಶ್ನೆ. ಇದನ್ನು ಯಾರೂ ಕೇಳುವುದಿಲ್ಲ. ಒಣಗಿದ ಕಲ್ಲಿನ ಮೇಲೆ ನಾಲ್ಕು ಕಡೆ ಒಂದೊಂದು ಚಮಚ ಶುದ್ಧ ನೀರು ಹಾಕಿ ಹದಿನೈದು ನಿಮಿಷ ಬಿಡಿ, ಚಹಾ ಕುಡಿದು ಬನ್ನಿ. ಒರೆಸಿದಾಗ ಕಲ್ಲು ಕಪ್ಪಾಗಿದ್ದರೆ ಅದು ನೀರು ಕುಡಿಯುತ್ತಿದೆ, ಸೀಲರನ್ನೂ ಕುಡಿಯುತ್ತದೆ. ಬಣ್ಣ ಒಂದಿಷ್ಟೂ ಬದಲಾಗದಿದ್ದರೆ ಆ ಕಲ್ಲಿಗೆ ಸೀಲರ್ ಕೊಡುವುದು ಹೊಟ್ಟೆ ತುಂಬಿದವರಿಗೆ ಬಲವಂತ ಮಾಡಿದಂತೆ. ಒಳಗೆ ಹೋಗದೆ ಮೇಲೆಯೇ ಉಳಿದು ಮಸುಕಾಗುತ್ತದೆ. ಯಂತ್ರದಿಂದ ಗಟ್ಟಿಯಾಗಿ ಪಾಲಿಶ್ ಆದ ಶಹಾಬಾದ್ ಕಲ್ಲು ಎಷ್ಟೋ ಸಲ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಒಂದೇ ಗಾಡಿಯಲ್ಲಿ ಬಂದ ಕಲ್ಲಿನಲ್ಲೂ ಒಂದು ಕುಡಿಯುತ್ತದೆ, ಒಂದು ಕುಡಿಯುವುದಿಲ್ಲ. ಖಣಿಯಲ್ಲಿ ಒಂದರ ಮೇಲೊಂದು ಪದರು ಇರುತ್ತದಲ್ಲ, ಪದರು ಬದಲಾದರೆ ಗುಣವೂ ಬದಲು. ಅದಕ್ಕೇ ನಾಲ್ಕು ಕಡೆ ನೋಡಬೇಕು ಎಂದದ್ದು. ನನ್ನ ಅಂದಾಜಿನಲ್ಲಿ ನಿಮ್ಮ ಪಡಸಾಲೆಯ ಕಲ್ಲಿಗೆ ಸೀಲರ್ ಬೇಕಾಗಲಿಕ್ಕಿಲ್ಲ, ಆಸಿಡ್ ತಿಂದ ಜಾಗ ಬಿಟ್ಟು. ಅಂಗಳದ್ದು, ಬಚ್ಚಲಿನದು ಖಂಡಿತ ಕುಡಿಯುತ್ತದೆ. ಸಂದುಗಳು ಎಲ್ಲೆಡೆಯೂ ಕುಡಿಯುತ್ತವೆ.

ತೇವದ ಪರೀಕ್ಷೆ ಇನ್ನೊಂದು. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಬದಿ ಟೇಪ್ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿ. ಎತ್ತಿದಾಗ ಒಳಗೆ ಹನಿ ಕಂಡರೆ, ಇಲ್ಲವೇ ಕಲ್ಲು ಕಪ್ಪಾಗಿದ್ದರೆ ಕೆಳಗೆ ಇನ್ನೂ ನೀರಿದೆ. ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ನಮ್ಮ ಕಡೆ ಈ ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿಯಿಂದ ಹೋಳಿಯ ಬೆನ್ನಿಗೇ ಬರುವ ಶರಣಬಸವೇಶ್ವರ ಜಾತ್ರೆಯವರೆಗೆ. ಗಾಳಿ ಒಣಗಿರುತ್ತದೆ, ಕಲ್ಲು ಕಾದಿರುವುದಿಲ್ಲ. ಹೆಚ್ಚಿನ ಸೀಲರ್‌ಗಳು 10ರಿಂದ 30 ಡಿಗ್ರಿ ಉಷ್ಣತೆಯಲ್ಲಿ ಹಚ್ಚಲು ತಯಾರಾದವು. ಮೇ ತಿಂಗಳಲ್ಲಿ 42 ದಾಟುವ ನಮ್ಮೂರಿನ ಅಂಗಳದಲ್ಲಿ ಮಧ್ಯಾಹ್ನ ಹಚ್ಚಿದರೆ ಒಳಗಿಳಿಯುವ ಮೊದಲೇ ಮೇಲೆ ಒಣಗಿ ಬೂದಿ ಬಳಿದಂತಾಗುತ್ತದೆ.

ಹಳೆ ಕಲೆಗಳನ್ನು ತೆಗೆಯದೆ ಸೀಲರ್ ಹಚ್ಚಿದರೆ ಅವು ಅಲ್ಲೇ ಕಾಯಂ. ಆಸಿಡ್ ತೊಳೆದ ಜಾಗವನ್ನು ಮೊದಲು ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಒರೆಸಿ, ಆಮೇಲೆ ಎರಡು ಮೂರು ಸಲ ಬರೀ ನೀರಿನಿಂದ ಒರೆಸಿ. ಈ ಒಂದು ಕೆಲಸಕ್ಕೆ ಬೋರ್ ನೀರು ಬಿಟ್ಟು ಕುಡಿಯುವ ನೀರು ಬಳಸಿ.

ಒಲೆಯ ಮುಂದಿನ ಎಣ್ಣೆ ಕಲೆ ಉಜ್ಜಿದರೆ ಹೋಗುವುದಿಲ್ಲ, ಒಳಗಿಳಿದ ಎಣ್ಣೆಯನ್ನು ಹೀರಿ ತೆಗೆಯಬೇಕು. ಅಡುಗೆ ಸೋಡಾ ಅಥವಾ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್ ಹಾಕಿ ರೊಟ್ಟಿ ಹಿಟ್ಟಿಗಿಂತ ಸ್ವಲ್ಪ ಸಡಿಲ ಕಲಸಿ. ಕಲೆಗಿಂತ ಒಂದಿಂಚು ಅಗಲವಾಗಿ, ಕಾಲಿಂಚು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಟೇಪ್ ಹಚ್ಚಿ. ಒಂದು ದಿನದ ನಂತರ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಿ. ಲೇಪ ಒಣಗುತ್ತ ಹೋದಂತೆ ಎಣ್ಣೆ ಅದರೊಳಗೆ ಏರುತ್ತದೆ. ಮರದ ತುಂಡಿನಿಂದ ಎಬ್ಬಿಸಿ ನೋಡಿ. ಎಂಟು ತಿಂಗಳ ಎಣ್ಣೆ ಒಂದೇ ಸಲಕ್ಕೆ ಬರುವುದಿಲ್ಲ, ಎರಡು ಮೂರು ಸಲ ಬೇಕು. ಅಸಿಟೋನ್ ಬೆಂಕಿಗೆ ಬಹಳ ಬೇಗ ಹತ್ತುವ ವಸ್ತು. ಅವತ್ತು ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ, ದೇವರ ದೀಪ, ಊದಿನಕಡ್ಡಿಯೂ ಬೇಡ, ಕಿಟಕಿಗಳೆಲ್ಲ ತೆರೆದಿರಲಿ. ಸಾಮಾನಿನ ಅಂಗಡಿಯ ಬಣ್ಣ, ಪರಿಮಳ ಬೆರೆಸಿದ ಉಗುರು ಬಣ್ಣದ ರಿಮೂವರ್ ಬಳಸಿದರೆ ಹೊಸ ಕಲೆ ಬಿದ್ದೀತು.

ಅರಿಶಿಣದ ಕಲೆಯ ಮೇಲೆ ಬಟ್ಟೆ ಸೋಡಾ ಹಾಕಿದಾಗ ರಕ್ತದಂತೆ ಕೆಂಪಾಗಿ, ಗಾಬರಿಯಾಗಿ ನನಗೆ ಫೋನ್ ಮಾಡಿದವರು ಹಲವರು. ಗಾಬರಿ ಬೇಡ. ಆರತಿ ನೀರಿಗೆ ಅರಿಶಿಣ, ಸುಣ್ಣ ಕಲಸಿದಾಗ ಕೆಂಪಾಗುವುದಿಲ್ಲವೇ, ಅದೇ ಇದು. ಬರೀ ನೀರಿನಿಂದ ನಾಲ್ಕು ಸಲ ಒರೆಸಿದರೆ ಮತ್ತೆ ಹಳದಿಗೆ ಬರುತ್ತದೆ. ಉಳಿದ ಹಳದಿಗೆ ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹತ್ತಿ ನೆನೆಸಿ ಕಲೆಯ ಮೇಲಿಟ್ಟು, ಪ್ಲಾಸ್ಟಿಕ್ ಮುಚ್ಚಿ ಕೆಲವು ಗಂಟೆ ಬಿಡಿ. ಕಪ್ಪು ಛಾಯೆಯ ಕಲ್ಲಾದರೆ ಮೊದಲು ಮೂಲೆಯಲ್ಲಿ ಪ್ರಯೋಗ ಮಾಡಿ ನೋಡಿ, ಬಣ್ಣ ತಿಳಿಯಾದೀತು. ಅಂಗಳದ ಕಲ್ಲಾದರೆ ಬಿಸಿಲೇ ನಾಲ್ಕು ದಿನದಲ್ಲಿ ತೆಗೆಯುತ್ತದೆ, ಅರಿಶಿಣಕ್ಕೆ ಬಿಸಿಲು ತಡೆಯುವ ಶಕ್ತಿ ಇಲ್ಲ.

ಈಗ ಸಂದುಗಳು. ನನ್ನನ್ನು ಕೇಳಿದರೆ ನಿಮ್ಮ ಮನೆಯಲ್ಲಿ ಕಲ್ಲಿಗಿಂತ ಇವಕ್ಕೇ ಹೆಚ್ಚು ಗಮನ ಬೇಕು. ನಮ್ಮಲ್ಲಿ ಸಂದಿಗೆ ಗ್ರೌಟ್ ಎಂಬ ಸಂದು ತುಂಬುವ ಗಾರೆ ಹಾಕುವುದು ಕಡಿಮೆ. ಸಿಮೆಂಟ್ ಹಾಲು ಸುರಿದು, ಕಸಬರಿಗೆಯಿಂದ ಎಳೆದು, ಮೇಲೆ ಆಕ್ಸೈಡ್ ಬಣ್ಣ ಉದುರಿಸಿಬಿಡುತ್ತಾರೆ. ನೀರು ಹೆಚ್ಚಾದ ಸಿಮೆಂಟ್ ಒಣಗಿದ ಮೇಲೆ ಒಳಗೆ ಜೇನುಹುಟ್ಟಿನಂತೆ ರಂಧ್ರವಾಗಿರುತ್ತದೆ. ನೆಲ ಒರೆಸುವಾಗ ಕೊಳೆ ನೀರು ಹರಿದು ನಿಲ್ಲುವುದೂ ಸಂದಿನಲ್ಲೇ, ಅದನ್ನು ಕುಡಿಯುವುದೂ ಸಂದೇ. ಕಪ್ಪಾಗದೆ ಇನ್ನೇನಾಗುತ್ತದೆ? ಅದರ ಜೊತೆಗೆ ನಮ್ಮ ಎರಿ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮನೆ ಅಷ್ಟಿಷ್ಟು ಮಿಸುಕಿದರೂ ಮೊದಲು ಸೀಳುವುದು ಸಂದು. ಸೀಳಿದ ಸಂದಿಗೆ ಸೀಲರ್ ಹಚ್ಚಿ ಫಲವಿಲ್ಲ; ಸೀಲರ್ ರಂಧ್ರಕ್ಕೆ, ಬಿರುಕಿಗೆ ಅಲ್ಲ.

ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಸಂದಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಗಡಸು ನೈಲಾನ್ ಬ್ರಶ್‌ನಿಂದ ಉಜ್ಜಿ. ತಂತಿ ಬ್ರಶ್ ಬೇಡ, ಅದರ ಕಬ್ಬಿಣದ ಚೂರು ಉಳಿದು ತುಕ್ಕು ಹಿಡಿಯುತ್ತದೆ. ಕೊಳೆ ನೀರನ್ನು ಒರೆಸಿ ತೆಗೆಯಿರಿ, ಪಕ್ಕದ ಸಂದಿಗೆ ತಳ್ಳಬೇಡಿ. ಉಜ್ಜುವಾಗ ಪುಡಿಪುಡಿಯಾಗಿ ಏಳುವ, ಉಗುರು ಇಳಿಯುವ ಸಂದುಗಳನ್ನು ಉಳಿಸಿಕೊಳ್ಳಲು ನೋಡಬೇಡಿ. ಅರ್ಧಕ್ಕಿಂತ ಹೆಚ್ಚು ಆಳ ಕೆರೆದು ತೆಗೆದು ರೆಡಿ ಗ್ರೌಟ್ ತುಂಬಿ. ಸಂದು 3 ಮಿಲಿಮೀಟರ್‌ಗಿಂತ ಕಿರಿದಾಗಿದ್ದರೆ ಮರಳಿಲ್ಲದ ಗ್ರೌಟ್, ಅಗಲವಾಗಿದ್ದರೆ ಮರಳು ಬೆರೆಸಿದ್ದು. ಚೀಲದ ಮೇಲೆ ಬರೆದದ್ದಕ್ಕಿಂತ ಒಂದು ಹನಿ ನೀರೂ ಹೆಚ್ಚು ಬೇಡ. ಗೌಂಡಿಯವರು ‘ಸ್ವಲ್ಪ ನೀರು ಬಿಡ್ರಿ, ಸರಾಗ ಹೋಗ್ತದ’ ಎನ್ನುತ್ತಾರೆ, ಬಿಡಬೇಡಿ. ತುಂಬಿದ ಮೇಲೆ ಎರಡು ಮೂರು ದಿನ ಒದ್ದೆ ಅರಿವೆ ಹಾಸಿ ತೇವ ಕೊಡಿ. ಹೊಸ ಗ್ರೌಟ್‌ಗೆ ಸೀಲರ್ ಹಚ್ಚಲು ಕನಿಷ್ಠ 72 ಗಂಟೆ ಎಂದು ಹಲವು ಚೀಲಗಳ ಮೇಲೆ ಇರುತ್ತದೆ. ನಾನು ಮೂರು ವಾರ ಕಾಯಿಸುತ್ತೇನೆ, ಅವಸರದಿಂದ ಏನೂ ಸಿಗುವುದಿಲ್ಲ. ಪಾಲಿಶ್ ಇಲ್ಲದ ಕಲ್ಲಿನ ನಡುವೆ ಬಣ್ಣದ ಗ್ರೌಟ್ ತುಂಬುವುದಾದರೆ ಮೊದಲು ಕಲ್ಲಿಗೆ ಒಂದು ಕೈ ಸೀಲರ್ ಹಚ್ಚಿ, ಆಮೇಲೆ ಗ್ರೌಟ್. ಇಲ್ಲದಿದ್ದರೆ ಗ್ರೌಟಿನ ಬಣ್ಣವನ್ನು ಕಲ್ಲು ಕುಡಿಯುತ್ತದೆ.

ಹಚ್ಚುವ ದಿನದ ಮಾತು. ಅದಕ್ಕೆ ಮೊದಲು ಕನಿಷ್ಠ ಎರಡು ದಿನ ನೆಲಕ್ಕೆ ನೀರು ತಾಗಿಸಬೇಡಿ, ರಾತ್ರಿಯಿಡೀ ಫ್ಯಾನ್ ತಿರುಗಲಿ. ಫ್ರಿಜ್ ಸರಿಸಿ ಅದರ ಕೆಳಗಿನ ಒಂದು ಕಲ್ಲಿಗೆ ಹಿಂದಿನ ದಿನವೇ ಹಚ್ಚಿ ನೋಡಿ. ಬಣ್ಣ ಗಾಢವಾಗುವುದು ನಿಮಗೆ ಹಿಡಿಸದಿದ್ದರೆ ಅಲ್ಲೇ ನಿಲ್ಲಿಸಬಹುದು. ಬೆಳಿಗ್ಗೆ ಬೇಗ ಶುರು ಮಾಡಿ. ಕೈಗೆ ರಬ್ಬರ್ ಗವಸು, ಮೂರಿಂಚಿನ ಪೇಂಟ್ ಬ್ರಶ್, ಸಂದಿಗೆ ಮಕ್ಕಳ ಚಿತ್ರ ಬರೆಯುವ ಸಣ್ಣ ಬ್ರಶ್, ಒರೆಸಲು ಹಳೆಯ ಬಿಳಿ ಧೋತರದ ತುಂಡುಗಳು. ಬಣ್ಣದ ಅರಿವೆ ಬೇಡ, ಬಣ್ಣ ಬಿಟ್ಟೀತು. ಮೊದಲು ಸಂದುಗಳಿಗೆ ಹಚ್ಚಿ, ಆಮೇಲೆ ಕಲ್ಲಿಗೆ. ಒಂದು ಸಲಕ್ಕೆ ನಾಲ್ಕಡಿ ಚೌಕ ಸಾಕು. ಐದು ನಿಮಿಷಕ್ಕೆ ಒಮ್ಮೆ ನೋಡಿ. ಎಲ್ಲಿ ಪೂರ್ತಿ ಕುಡಿದು ಒಣಗುತ್ತಿದೆಯೋ ಅಲ್ಲಿ ಇನ್ನೊಂದು ಕೈ. ಹತ್ತು ನಿಮಿಷದೊಳಗೆ ಮೇಲೆ ಉಳಿದದ್ದನ್ನೆಲ್ಲ ಒರೆಸಿ, ಒಣ ಅರಿವೆಯಿಂದ ತಿಕ್ಕಿ. ನನ್ನ ಲೆಕ್ಕದಲ್ಲಿ ಕೆಲಸ ಗೆಲ್ಲುವುದು, ಸೋಲುವುದು ಈ ಒರೆಸುವುದರಲ್ಲೇ. ‘ಇರಲಿ, ದಪ್ಪಗೆ ಇದ್ದರೆ ಬಾಳಿಕೆ ಬರುತ್ತದೆ’ ಎಂದು ಬಿಟ್ಟರೆ ಮರುದಿನ ಅಂಟಂಟು, ಮಸುಕು. ಹಾಗಾದರೆ ಕೂಡಲೇ ಅದೇ ಸೀಲರ್ ಸ್ವಲ್ಪ ಹಚ್ಚಿ, ಮೆತ್ತಗಾಗುತ್ತಿದ್ದಂತೆ ತಿಕ್ಕಿ ಒರೆಸಿ. ಒಂದೆರಡು ದಿನದೊಳಗಾದರೆ ಬರುತ್ತದೆ. ಒಂದು ಡಬ್ಬಿ ಎಷ್ಟು ಜಾಗಕ್ಕೆ ಎಂಬುದನ್ನು ಚದರ ಮೀಟರ್‌ನಲ್ಲಿ ಬರೆದಿರುತ್ತಾರೆ. 1 ಚದರ ಮೀಟರ್ ಎಂದರೆ ಸುಮಾರು 10.76 ಚದರ ಅಡಿ. ನಿಮ್ಮ ಅಡುಗೆಮನೆ 12ಕ್ಕೆ 10 ಅಡಿ ಇದ್ದರೆ 11 ಚದರ ಮೀಟರ್ ಆಯಿತು. ಸಣ್ಣ ಡಬ್ಬಿಯಿಂದಲೇ ಶುರು ಮಾಡಿ.

ಕೆಲವು ಗಂಟೆ ಬಿಟ್ಟು ಬರಿಗಾಲಲ್ಲಿ ಓಡಾಡಬಹುದು. ಒಂದು ದಿನ ನೀರು ಬೇಡ, ಮೂರು ದಿನ ಒಗ್ಗರಣೆ ಸಿಡಿಯದ ಹಾಗೆ ನೋಡಿಕೊಳ್ಳಿ.

ಬಚ್ಚಲಿನ ವಿಷಯ ಚಿಕ್ಕದು. ಸೀಲರ್ ವಾಟರ್‌ಪ್ರೂಫಿಂಗ್ ಅಲ್ಲ. ಕೆಳಗೆ ನೀರು ಇಳಿಯುತ್ತಿದ್ದರೆ ಕಾರಣ ಸಂದು ಅಥವಾ ಇಳಿಜಾರು. ಅಲ್ಲಿ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿದರೆ ಅದಕ್ಕೆ ಸೀಲರ್ ಬೇಡವೇ ಬೇಡ, ಕಪ್ಪೂ ಆಗುವುದಿಲ್ಲ. ಆದರೆ ಅದು ದುಬಾರಿ, ಬೇಗ ಗಟ್ಟಿಯಾಗುತ್ತದೆ, ಪಾಲಿಶ್ ಇಲ್ಲದ ಕಲ್ಲಿಗೆ ಹತ್ತಿದರೆ ಬಿಡುವುದಿಲ್ಲ. ಸಂದಿನ ಎರಡೂ ಬದಿ ಕಲ್ಲಿಗೆ ಟೇಪ್ ಅಂಟಿಸಿ, ಕೈ ಪಳಗಿದವರಿಂದ ಮಾಡಿಸಿ. ಬಚ್ಚಲಿನ ಕಲ್ಲಿಗೆ ಹೊಳಪಿನ ಪದರ ಮಾತ್ರ ಯಾರು ಹೇಳಿದರೂ ಬೇಡ, ಅತ್ತೆಯವರು ಜಾರಿ ಬಿದ್ದಾರು.

ದಿನನಿತ್ಯ ಒರೆಸಲು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಸಾಕು. ‘ನಿಂಬೆ ಶಕ್ತಿ’ ಎಂದು ಬರೆದ ನೆಲದ ಕ್ಲೀನರ್ ತರುವ ಮುನ್ನ ಅದು ಹುಳಿಯದೋ ಅಲ್ಲವೋ ಡಬ್ಬಿಯ ಮೇಲೆ ಓದಿ. ಬ್ಲೀಚಿಂಗ್ ದ್ರಾವಣವನ್ನು ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಎಂದೂ ಬೆರೆಸಬೇಡಿ. ಕ್ಲೋರಿನ್ ಗಾಳಿ ಹೊರಟು ಬಾಗಿಲು ಹಾಕಿದ ಬಚ್ಚಲಿನಲ್ಲಿ ಜೀವಕ್ಕೇ ಬರುತ್ತದೆ. ಸಿಲಿಂಡರನ್ನು ಟ್ರಾಲಿಯ ಮೇಲಿಡಿ, ಅದರ ಬುಡದ ತುಕ್ಕಿನ ಉಂಗುರ ಸುಣ್ಣದ ಕಲ್ಲಿನಿಂದ ತೆಗೆಯುವುದು ಬಹಳ ಕಷ್ಟ, ಏಕೆಂದರೆ ತುಕ್ಕು ತೆಗೆಯುವ ಔಷಧಗಳಲ್ಲಿ ಹೆಚ್ಚಿನವು ಹುಳಿಯೇ. ವರ್ಷಕ್ಕೊಮ್ಮೆ ಆ ಚಮಚ ನೀರಿನ ಪರೀಕ್ಷೆ ಮಾಡಿ. ಒಲೆ, ಸಿಂಕಿನ ಮುಂದೆ ವರ್ಷ ಎರಡು ವರ್ಷಕ್ಕೆ ಮತ್ತೆ ಬೇಕಾದೀತು. ದೇವರ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು ದಿನ ಬರುತ್ತದೆ. ನೀರು ಮಣಿಯಂತೆ ನಿಂತರೆ ಡಬ್ಬಿ ತೆರೆಯಬೇಡಿ.

ಇನ್ನು ಅತ್ತೆಯವರ ಕುಸುಬಿ ಎಣ್ಣೆ. ಅವರು ಬರೀ ಬಾಯಿಗೆ ಬಂದದ್ದನ್ನು ಹೇಳಿಲ್ಲ. ಕುಸುಬಿ ಎಣ್ಣೆ, ಅಗಸಿ ಎಣ್ಣೆ ಗಾಳಿಗೆ ಒಡ್ಡಿದರೆ ನಿಧಾನವಾಗಿ ಗಟ್ಟಿಯಾಗುವ ಜಾತಿಯವು. ಶೇಂಗಾ ಎಣ್ಣೆ ಹಾಗೆ ಗಟ್ಟಿಯಾಗುವುದಿಲ್ಲ. ಅಂಥ ಎಣ್ಣೆ ಕಲ್ಲಿನ ರಂಧ್ರದಲ್ಲಿ ಇಳಿದು ಗಟ್ಟಿಯಾದರೆ ನೀರನ್ನು ಸ್ವಲ್ಪ ತಡೆಯುತ್ತದೆ. ಸೀಲರ್ ಡಬ್ಬಿಗಳಿಲ್ಲದ ಕಾಲದಲ್ಲಿ ಅದು ಬುದ್ಧಿವಂತಿಕೆಯೇ. ಆದರೆ ಕಲ್ಲು ಕಪ್ಪಾಗುತ್ತದೆ, ಗಟ್ಟಿಯಾಗುವವರೆಗೆ ಧೂಳು ಅಂಟುತ್ತದೆ, ವರ್ಷಗಳು ಕಳೆದಂತೆ ಹಳದಿ ತಿರುಗುತ್ತದೆ. ಒಮ್ಮೆ ಎಣ್ಣೆ ಕುಡಿದ ಕಲ್ಲು ಆಮೇಲೆ ಸೀಲರ್ ಕುಡಿಯುವುದಿಲ್ಲ. ನಿಮ್ಮ ತಿಳಿ ಬಣ್ಣದ ಪಡಸಾಲೆಗೆ ಬೇಡ. ಅವರ ಮನಸ್ಸು ನೋಯಿಸದಿರಲು ಅಂಗಳದ ತುಳಸಿಕಟ್ಟೆಯ ಸುತ್ತಲಿನ ಕಪ್ಪು ಪರ್ಸಿಗೆ ಹಚ್ಚಲಿ, ಅಲ್ಲಿ ಚೆಂದವೇ ಕಾಣುತ್ತದೆ. ಒಂದು ಎಚ್ಚರಿಕೆ ಮಾತ್ರ ಅವರಿಗೂ ಹೇಳಿ: ಇಂಥ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಯಲ್ಲಿ ಎಸೆಯಬಾರದು. ಗಟ್ಟಿಯಾಗುವಾಗ ಅವು ತಾವೇ ಕಾವು ಏರಿ ಹೊತ್ತಿಕೊಳ್ಳುವುದುಂಟು, ಅಗಸಿ ಎಣ್ಣೆಯಲ್ಲಂತೂ ಹೆಚ್ಚು. ನೀರಿನಲ್ಲಿ ಅದ್ದಿ, ಹೊರಗೆ ಕಲ್ಲಿನ ಮೇಲೆ ಒಂದೊಂದಾಗಿ ಹರವಿ ಒಣಗಿಸಿ.